ಹಾಸ್ಟೈನ್: ಹೆಣದ ಪೆಟ್ಟಿಗೆಯ ಕಥೆ ಬಿಟ್ಟರೆ ಅವನ ನಿಜವಾದ ದಾಳಿತಂತ್ರ ಏನು?

ಗುಮ್ಮಟನಗರಿ_ವಿಜಯಪುರ ಕೇಳಿದ್ದು:

ಒಂಬತ್ತನೇ ಶತಮಾನದಾಗ ಉತ್ತರ ಯುರೋಪಿನಿಂದ ಹಡಗಿನಾಗ ಬಂದು ದಾಳಿ ಮಾಡ್ತಿದ್ದ ವೈಕಿಂಗರ ನಾಯಕ ಹಾಸ್ಟೈನ್ ಬಗ್ಗೆ ಎಲ್ಲಿ ಓದಿದ್ರೂ ಒಂದೇ ಕಥಿ ಬರ್ತೈತಿ. ಇಟಲಿಯ ಲೂನಾ ಪಟ್ಟಣಾನ ರೋಮ್ ಅಂತ ತಿಳಕೊಂಡು, ಸತ್ತಂಗ ನಟಿಸಿ, ಹೆಣ ಹೊರೋ ಚಟ್ಟದ ಮ್ಯಾಲ ಮಲಗಿ ಇಗರ್ಜಿ ಒಳಗ ಹೊಕ್ಕ, ಮಂತ್ರ ಹೇಳೋ ಹೊತ್ತಿನಾಗ ಎದ್ದು ಬಿಷಪ್‌ನ ಕಡಿದ ಅಂತ. ಕೇಳಾಕ ಚಲೋ ಐತಿ. ಆದ್ರ ಒಂದು ಸಲದ ಆಟದಿಂದ ಯಾರೂ ಮೂವತ್ತು ವರ್ಷ ರಾಜರ ನಿದ್ದಿ ಕೆಡಿಸಾಕ ಆಗೂದಿಲ್ಲ. ಅದಕ್ಕ ಮೂರು ಪ್ರಶ್ನೆ ಅದಾವ.

ಒಂದು, ಲೂನಾ ಕಥಿ ಎಷ್ಟು ಖರೆ? ಎರಡು, ಸಮುದ್ರದ ಹಡಗು ತಗೊಂಡು ನದಿಯಾಗ ನೂರಾರು ಕಿಲೋಮೀಟರ್ ಒಳಗ ಹೆಂಗ ಹೋಗ್ತಿದ್ರು? ನಮ್ಮ ಕೃಷ್ಣಾ ಹೊಳಿಯಾಗ ಮಾರ್ಚ್ ತಿಂಗಳಾಗ ಹರಿಗೋಲು ತಳಾ ಮುಟ್ಟತೈತಿ. ಮೂರು, ಅಷ್ಟು ಸಣ್ಣ ದಂಡು ದೊಡ್ಡ ರಾಜ್ಯಗಳ ಎದುರು ನಿಂತದ್ದು ಹೆಂಗ, ಕೊನೀಗೆ ಅವನ್ನ ತಡದದ್ದು ಯಾವ ಉಪಾಯ? ಸಿನಿಮಾ, ಸೀರಿಯಲ್ ನೋಡಿದ್ದು ಬ್ಯಾಡ್ರಿ, ಆ ಕಾಲದ ಬರಹದಾಗ ಇದ್ದದ್ದು ಹೇಳ್ರಿ.

ಕುಂದಾನಗರಿ_ಓದುಗ ಉತ್ತರ:

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ದಂಡಯಾತ್ರೆ ನಿಜ, ಚಟ್ಟದ ಕಥೆ ನಂಬುವಂತಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಹಿಡಿಯಬೇಕು.

859ರಲ್ಲಿ ಡೇನಿಷ್ ದಾಳಿಕೋರರು ಸ್ಪೇನ್ ಮತ್ತು ಆಫ್ರಿಕಾ ನಡುವಿನ ಜಲಸಂಧಿ ದಾಟಿ ಮೆಡಿಟರೇನಿಯನ್ ಸಮುದ್ರಕ್ಕೆ ಬಂದರು, ರೋನ್ ನದಿಯ ಮುಖಜದಲ್ಲಿರುವ ಕಮಾರ್ಗ್ ನಡುಗಡ್ಡೆಯಲ್ಲಿ ಚಳಿಗಾಲ ಕಳೆದರು, ಮರುವರ್ಷ ನದಿಯಲ್ಲಿ ವಲಾನ್ಸ್‌ವರೆಗೆ ಹೋಗಿ ಲೂಟಿ ಮಾಡಿದರು, ನಂತರ ಇಟಲಿಗೆ ಹೋಗಿ ಪೀಸಾ ಮತ್ತು ಇನ್ನು ಕೆಲವು ಊರುಗಳನ್ನು ಹಿಡಿದರು. ಇದನ್ನು ಆಯಾ ವರ್ಷವೇ ಫ್ರಾಂಕ್ ರಾಜ್ಯದ (ಇಂದಿನ ಫ್ರಾನ್ಸ್ ಸೀಮೆ) ವಾರ್ಷಿಕ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಅರಬ್ ಇತಿಹಾಸಕಾರರು ಹಡಗುಗಳ ಲೆಕ್ಕವನ್ನೂ ಕೊಡುತ್ತಾರೆ: 62. ಆಲ್ಜೆಸಿರಾಸ್‌ನ ಮಸೀದಿ ಸುಟ್ಟದ್ದು, ಮೊರಾಕ್ಕೋದ ನಕೂರ್ ಪಟ್ಟಣವನ್ನು ಎಂಟು ದಿನ ಹಿಡಿದಿಟ್ಟದ್ದು, ಪ್ಯಾಂಪ್ಲೋನಾದ ರಾಜ ಗಾರ್ಸಿಯಾನನ್ನು ಸೆರೆಹಿಡಿದು ಭಾರಿ ಬಿಡುಗಡೆ ಹಣ ವಸೂಲಿ ಮಾಡಿದ್ದು, ಎಲ್ಲ ಅವರ ಬರಹಗಳಲ್ಲಿದೆ. ಆದರೆ ಈ ಸಮಕಾಲೀನ ಫ್ರಾಂಕ್ ದಾಖಲೆಯಲ್ಲಿ ಲೂನಾ ಎಂಬ ಹೆಸರಿಲ್ಲ. ಚಟ್ಟವೂ ಇಲ್ಲ.

ಕಥೆ ಹೇಳಿದವನು ಸೇಂಟ್ ಕ್ವೆಂಟಿನ್‌ನ ಪಾದ್ರಿ ಡ್ಯೂಡೊ. ನಾರ್ಮಂಡಿಯ ದೊರೆಗಳಿಗಾಗಿ ಅವರ ವಂಶದ ಚರಿತ್ರೆ ಬರೆದವನು. ಘಟನೆಗೂ ಅವನ ಬರಹಕ್ಕೂ ಸುಮಾರು 150 ವರ್ಷ ಅಂತರ. ಅವನು ಹೇಳುವ ಕ್ರಮ ಹೀಗಿದೆ: ಹಾಸ್ಟೈನ್ ದೂತರನ್ನು ಕಳಿಸಿ, ಬಿರುಗಾಳಿಗೆ ಸಿಕ್ಕು ಇಲ್ಲಿಗೆ ಬಂದೆವು, ನಮ್ಮ ಒಡೆಯನಿಗೆ ಕಾಯಿಲೆ, ಕ್ರೈಸ್ತ ದೀಕ್ಷೆ ಬೇಕು ಎಂದು ಹೇಳಿಸುತ್ತಾನೆ. ಬಿಷಪ್ ದೀಕ್ಷೆ ಕೊಡುತ್ತಾನೆ. ಅವನನ್ನು ಹಡಗಿಗೆ ಹೊತ್ತೊಯ್ಯುತ್ತಾರೆ. ರಾತ್ರಿ ಗೋಳಾಟ ಕೇಳಿಸುತ್ತದೆ, ಒಡೆಯ ಸತ್ತ ಎಂಬ ಸುದ್ದಿ ಬರುತ್ತದೆ, ಇಗರ್ಜಿಯಲ್ಲೇ ಮಣ್ಣು ಮಾಡಿ ಎಂದು ಕಾಣಿಕೆ ಸಮೇತ ಕೇಳಿಕೊಳ್ಳುತ್ತಾರೆ. ಕವಚ ತೊಟ್ಟು ಕತ್ತಿ ಬದಿಗಿಟ್ಟುಕೊಂಡ 'ಹೆಣ' ಒಳಗೆ ಬರುತ್ತದೆ, ಹಿಂದೆ ನಿಲುವಂಗಿಯ ಕೆಳಗೆ ಕತ್ತಿ ಇಟ್ಟುಕೊಂಡ ಜನ. ಉಳಿದದ್ದು ನಿಮಗೆ ಗೊತ್ತು.

ಇದನ್ನು ನಂಬದಿರಲು ಮೂರು ಕಾರಣಗಳಿವೆ. ಇದೇ ಉಪಾಯವನ್ನು ನಾರ್ಮನ್ ಸರದಾರ ರಾಬರ್ಟ್ ಗಿಸ್ಕಾರ್ಡ್‌ಗೂ, ನಾರ್ವೆಯ ರಾಜ ಹೆರಾಲ್ಡ್ ಹಾರ್ದ್ರಾದನಿಗೂ ಆರೋಪಿಸಿದ್ದಾರೆ. ನಮ್ಮಲ್ಲಿ ಒಂದೇ ಜಾಣತನದ ಕಥೆ ಬೀರಬಲ್ಲನಿಗೂ ತೆನಾಲಿ ರಾಮನಿಗೂ ಅಂಟಿಕೊಂಡ ಹಾಗೆ. ಎರಡನೆಯದು ಭೂಗೋಳ. ಲೂನಾದಿಂದ ರೋಮ್ ನೇರ ಅಳತೆಯಲ್ಲಿಯೇ 300 ಕಿ.ಮೀ.ಗೂ ಹೆಚ್ಚು ದೂರ. ಸ್ಪೇನ್ ಸುತ್ತಿ, ಒಂದು ಚಳಿಗಾಲ ರೋನ್ ಬಾಯಲ್ಲಿ ಕೂತು, ಸೆರೆಯಾಳುಗಳಿಂದ ದಾರಿ ಕೇಳಿಕೊಂಡು ಬಂದ ನಾವಿಕರು ಅಷ್ಟು ದೊಡ್ಡ ತಪ್ಪು ಮಾಡುವುದಿಲ್ಲ. ಮೂರನೆಯದು, ಡ್ಯೂಡೊಗೆ ಬೇಕಾಗಿದ್ದುದು ಒಬ್ಬ ಕೆಟ್ಟ ವೈಕಿಂಗ್. ಅವನ ದೊರೆಗಳ ಮೂಲಪುರುಷ ರೋಲೊ ಒಳ್ಳೆಯ ವೈಕಿಂಗ್ ಆಗಿ ಕಾಣಬೇಕಾದರೆ ಪಕ್ಕದಲ್ಲಿ ಹಾಸ್ಟೈನ್ ಅಷ್ಟು ಕಪ್ಪಾಗಿರಬೇಕು.

ಆದರೂ ಕಥೆಯನ್ನು ಪೂರ್ತಿ ಎಸೆಯಬೇಡಿ. ಅದರೊಳಗಿನ ಒಂದು ಎಳೆ ದಾಖಲೆಗಳಿಗೆ ಹೊಂದುತ್ತದೆ. ಅದು ದೀಕ್ಷೆ. ಆಣೆ, ಒತ್ತೆಯಾಳು, ಕ್ರೈಸ್ತ ದೀಕ್ಷೆ ಇವುಗಳನ್ನು ಸಮಯ ಕೊಂಡುಕೊಳ್ಳುವ ಸಾಧನವಾಗಿ ಬಳಸುವುದು ಹಾಸ್ಟೈನ್‌ಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡ್‌ನಲ್ಲಿ ಅದನ್ನೇ ಮಾಡಿದ. ಆ ಭಾಗ ಬಲ್ಲವರು ಬರೆಯಲಿ.

ಇನ್ನೊಂದು ಮಾತು. ಆ ಮೆಡಿಟರೇನಿಯನ್ ಯಾತ್ರೆ ಗೆಲುವು ಎಂದು ಬರೆಯುವವರು ಹಡಗಿನ ಲೆಕ್ಕ ನೋಡುವುದಿಲ್ಲ. 62ರಲ್ಲಿ 40ಕ್ಕೂ ಹೆಚ್ಚು ಹಡಗು ಕಳೆದುಕೊಂಡರು ಎಂದು ಅರಬ್ ಬರಹ ಹೇಳುತ್ತದೆ. ಕಾರಣ ಸರಳ. 844ರಲ್ಲಿ ಸೆವಿಲ್ ಲೂಟಿಯಾದ ಮೇಲೆ ಕಾರ್ಡೋಬಾದ ಅಮೀರ ಹಡಗುಪಡೆ ಕಟ್ಟಿಸಿ, ಬೆಂಕಿ ಎಣ್ಣೆ ಎಸೆಯುವವರನ್ನು ಅದರ ಮೇಲಿರಿಸಿ, ಕರಾವಳಿಯುದ್ದಕ್ಕೂ ಕಾವಲು ಹಾಕಿಸಿದ್ದ. 859ರಲ್ಲಿ ಮುಂದೆ ಹೋಗಿದ್ದ ಎರಡು ವೈಕಿಂಗ್ ಹಡಗು ಚಿನ್ನ, ಬೆಳ್ಳಿ, ಸೆರೆಯಾಳುಗಳ ಸಮೇತ ಆರಂಭದಲ್ಲೇ ಸಿಕ್ಕಿಬಿದ್ದವು. ವಾಪಸ್ ಬರಲು ಇದ್ದದ್ದು ಒಂದೇ ಜಲಸಂಧಿ, ಅಲ್ಲಿಯೂ ಆ ಹಡಗುಪಡೆ ಕಾಯುತ್ತಿತ್ತು. ಒಂದೇ ಬಾಗಿಲಿನ ಮನೆಗೆ ಕಳ್ಳತನಕ್ಕೆ ಹೋದ ಹಾಗಾಯಿತು.

ಹೊಳಿಸಾಲು_ಜಮಖಂಡಿ ಉತ್ತರ:

ಎರಡನೇ ಪ್ರಶ್ನೆ ನಾ ತಗೋತೀನಿ, ಹಡಗಿಂದು.

ಮೊದಲು ಅಳತಿ. ನಾರ್ವೆದಾಗ 1880ರಾಗ ದಿಬ್ಬ ಅಗದಾಗ ಸಿಕ್ಕ ಗೋಕ್‌ಸ್ಟಾಡ್ ಹಡಗು ಸುಮಾರು 890ರಾಗ ಕಟ್ಟಿದ್ದು, ಅಂದ್ರ ಹಾಸ್ಟೈನ್ ಕಾಲದ್ದ. ಉದ್ದ 23 ಮೀಟರ್ ಮ್ಯಾಲ, ಅಗಲ 5 ಮೀಟರ್ ಮ್ಯಾಲ, ಒಂದೊಂದು ಬದಿಗೆ 16 ಹುಟ್ಟು, ಒಟ್ಟು 32. ಓಕ್ ಮರದ್ದು. ಹಲಗಿ ಮ್ಯಾಲ ಹಲಗಿ ಸ್ವಲ್ಪ ಏರಿಸಿ ಕಬ್ಬಿಣದ ಮೊಳಿ ಬಡಿದು, ಸಂದಿನ್ಯಾಗ ಡಾಂಬರು ಹಚ್ಚಿದ ಉಣ್ಣಿ ತುಂಬತಿದ್ರು. ಹಲಗಿ ದಪ್ಪ ಬಹಳ ಕಡಿ ಎರಡೂವರಿ ಸೆಂಟಿಮೀಟರ್ ಆಸುಪಾಸು ಅಷ್ಟ. ಇದ ಗುಟ್ಟು. ತೆಳು ಹಲಗಿ ಅಂದ್ರ ಹಗುರ, ಹಗುರ ಅಂದ್ರ ನೀರಾಗ ಮುಳುಗೂದು ಕಡಿಮಿ. ಮಂದಿ, ಸಾಮಾನು ತುಂಬಿದ್ರೂ ಸುಮಾರು ಒಂದು ಮೀಟರ್, ಅಂದ್ರ ಸೊಂಟಮಟ ನೀರಿದ್ರ ತೇಲತೈತಿ. ಡೆನ್ಮಾರ್ಕಿನ ಸ್ಕುಲ್ಡೆಲೇವ್‌ನಾಗ ಸಿಕ್ಕ ಸಣ್ಣ ಯುದ್ಧದ ಹಡಗಿಗೆ, ಅದು ಹನ್ನೊಂದನೇ ಶತಮಾನದ್ದು, 60 ಸೆಂಟಿಮೀಟರ್ ನೀರು ಸಾಕು.

ನಮ್ಮ ಹೊಳಿ ಉದಾಹರಣೆ ಸರಿ ಐತಿ, ಆದ್ರ ಒಂದು ಫರಕ ಐತ್ರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮಳಿಯ ಹೊಳಿ. ಶ್ರಾವಣದಾಗ ದಂಡಿ ಮೀರತಾವ, ಶಿವರಾತ್ರಿ ದಾಟಿದ್ರ ಬಂಡಿಗಲ್ಲು ಕಾಣತಾವ. ಫ್ರಾನ್ಸಿನ ಸೇನ್, ಲ್ವಾರ್, ಇಂಗ್ಲೆಂಡಿನ ಥೇಮ್ಸ್‌ಗೆ ವರ್ಷಾ ಪೂರಾ ಮಳಿ, ಮ್ಯಾಲ ಸಮುದ್ರದ ಉಬ್ಬರ. ಥೇಮ್ಸ್ ಬಾಯಾಗ ದೊಡ್ಡ ಉಬ್ಬರಕ್ಕ ನೀರು 5 ಮೀಟರ್ ಏರತೈತಿ. ಉಬ್ಬರದ ಜೋಡಿ ಹೊಂಟ್ರ ಹೊಳಿನ ನಿಮ್ಮನ್ನ ಮ್ಯಾಲಕ ನೂಕತೈತಿ. ಅಲ್ಲಿಂದ ಮುಂದ ಹುಟ್ಟು. ಅದಕ್ಕೂ ಆಗದ ಕಡಿ ದಂಡಿ ಮ್ಯಾಲ ಇಳದು ಹಗ್ಗ ಹಾಕಿ ಎಳೀತಿದ್ರು. 892ರಾಗ ದೊಡ್ಡ ದಂಡು ಇಂಗ್ಲೆಂಡಿಗೆ ಬಂದಾಗ ಹಡಗುಗಳನ್ನ ಹಿಂಗ ಎಳದು ಹೊಳಿ ಬಾಯಿಂದ 4 ಮೈಲು ಒಳಗ ಅಡವಿ ಅಂಚಿಗೆ ಒಯ್ದ್ರು ಅಂತ ಇಂಗ್ಲಿಷ್ ಚರಿತ್ರೆದಾಗ ಬರದದ.

ಇನ್ನ ಸಣ್ಣ ಸಣ್ಣ ವಿಷಯ, ಆದ್ರ ದಾಳಿಗೆ ಇವ ಮುಖ್ಯ. ಚುಕ್ಕಾಣಿ ಹಿಂದ ನಡುವ ಇರೂದಿಲ್ಲ, ಬಲಗಡಿ ಪಕ್ಕಕ್ಕ ಕಟ್ಟಿರತೈತಿ. ತಗ್ಗು ನೀರು ಬಂದ್ರ ಮ್ಯಾಲ ಎತ್ತಬಹುದು. ಕೂವಿಮರ ಇಳಿಸಬಹುದು, ಹಂಗ ಮಾಡಿದ್ರ ದೂರದಿಂದ ಹಡಗು ಕಾಣೂದಿಲ್ಲ. ಹುಟ್ಟಿನ ತೂತಿಗೆ ಮುಚ್ಚಳಾ ಅದಾವ, ಹಾಯಿ ಏರಿಸಿದಾಗ ನೀರು ಒಳಗ ಬರಬಾರದು ಅಂತ. ಮುಂದಿನ ತುದಿ ಹಿಂದಿನ ತುದಿ ಒಂದ ಆಕಾರ, ದಂಡಿಗೆ ತಗುಲಿದ ಹಡಗನ್ನ ತಿರುಗಿಸದ ಹಿಂದಕ್ಕ ಹುಟ್ಟು ಹಾಕಿ ಓಡಬಹುದು. ಬಂದರು ಬೇಕಿಲ್ಲ, ಮರಳಿದ್ರ ಸಾಕು. ಇದು ಖರೇನ ಸಮುದ್ರ ತಡೀತೈತೇನು ಅಂತ ಅನುಮಾನ ಇದ್ದವರಿಗೆ ಒಂದು ಲೆಕ್ಕ: 1893ರಾಗ ಗೋಕ್‌ಸ್ಟಾಡ್ ಹಡಗಿನ ಪ್ರತಿ ಕಟ್ಟಿ ನಾರ್ವೆಯ ಬರ್ಗೆನ್‌ದಿಂದ ಅಟ್ಲಾಂಟಿಕ್ ದಾಟಿದ್ರು, 28 ದಿನದಾಗ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿತು.

ಕೆಡೂದು ಎಲ್ಲಿ? ಹಡಗು ದಂಡಿ ಮ್ಯಾಲ ಎಳದಿಟ್ಟು ಬಹಳ ದಿನ ಬಿಸಲಿಗೆ ಬಿಟ್ರ ಹಲಗಿ ಒಣಗಿ ಸಂದು ಬಾಯಿ ಬಿಡತಾವ. ನೀರಾಗ ಬಿಟ್ರ ಬೆಚ್ಚಗಿನ ಸಮುದ್ರದಾಗ ಮರ ಕೊರಿಯೋ ಹುಳ ತಿಂತೈತಿ. ಡಾಂಬರು ಮತ್ತ ಮತ್ತ ಹಚ್ಚಬೇಕು, ತುಕ್ಕು ಹಿಡಿದ ಮೊಳಿ ಬದಲಿ ಮಾಡಬೇಕು. ಇದಕ್ಕೆಲ್ಲಾ ಬಡಗಿ, ಕಮ್ಮಾರ, ಡಾಂಬರು, ವಾರಗಟ್ಟಲೆ ಸುರಕ್ಷಿತ ಜಾಗಾ ಬೇಕು. ಅದಕ್ಕ ನಡುಗಡ್ಡಿ. 843ರಾಗ ಲ್ವಾರ್ ಬಾಯಿ ಹತ್ತಿರದ ನ್ವಾರ್ಮೂಟಿಯೆದಾಗ ಮನಿ ಮಾಡಿ ಚಳಿಗಾಲ ಕಳದದ್ದು, 859ರಾಗ ಕಮಾರ್ಗ್, ಎಲ್ಲಾ ಇದ ಕಾರಣಕ್ಕ. ಸುತ್ತ ನೀರಿದ್ರ ಕುದುರಿ ದಂಡು ಹತ್ತಿರ ಬರೂದಿಲ್ಲ, ರಿಪೇರಿನೂ ಆಗತೈತಿ, ಸೆರಿ ಹಿಡಿದವರನ್ನ ಮಾರಾಟನೂ ಆಗತೈತಿ.

ತಡಿಯೋದಕ್ಕೂ ಹೊಳೀನ ಉತ್ತರ. ನಮ್ಮ ಚಿಕ್ಕಪಡಸಲಗಿ ಬ್ಯಾರೇಜ್ ನೋಡಿದವರಿಗೆ ತಿಳೀತೈತಿ: ಹೊಳಿಗೆ ಅಡ್ಡ ಏನರ ಕಟ್ಟಿದ್ರ ದೋಣಿ ಅಲ್ಲೇ ನಿಂತು ಹೋಗತೈತಿ. ಫ್ರಾಂಕ್ ರಾಜ ಚಾರ್ಲ್ಸ್ ದ ಬಾಲ್ಡ್ 862ರಾಗ ಮಾರ್ನ್ ನದಿ ಮ್ಯಾಲ ಇದನ್ನ ಮಾಡಿದ. ವೈಕಿಂಗರ ಒಂದು ಟೋಳಿ ಮೋ ಪಟ್ಟಣ ಸುಲಿಯಾಕ ಸಣ್ಣ ಹಡಗಿನಾಗ ಮ್ಯಾಲ ಹೋಗಿತ್ತು. ಅವರು ವಾಪಸ್ ಬರೂದ್ರಾಗ ಕೆಳಗಿನ ಮುರದ ಸೇತುವಿ ರಿಪೇರಿ ಮಾಡಿಸಿ, ಎರಡೂ ದಂಡಿ ಮ್ಯಾಲ ದಂಡು ಇಟ್ಟ. ಹಡಗು ಅಡ್ಡ ಸಿಕ್ಕವು. ಹೊಡದಾಟ ಇಲ್ಲದ ಒತ್ತೆಯಾಳು ಕೊಟ್ಟು, ಸೆರಿ ಹಿಡಿದವರನ್ನ ಬಿಟ್ಟು ಹೋದ್ರು. ಸೇತುವಿ ಒಂದ ಸಾಲೂದಿಲ್ಲ, ಎರಡೂ ತುದಿಗೆ ಕೋಟಿ ಬೇಕು. ಕಾವಲು ಇಲ್ಲದ ಸೇತುವಿನ ಒಂದು ರಾತ್ರಿಯಾಗ ಕಡಿದು ಹಾಕತಾರ.

ಗುಮ್ಮಟನಗರಿ_ವಿಜಯಪುರ:

ಇಬ್ಬರಿಗೂ ನಮಸ್ಕಾರ. ಹಡಗು, ನಡುಗಡ್ಡಿ ತಿಳೀತು. ಆದ್ರ ಒಂದು ಗಂಟು ಉಳೀತು. ಹಡಗು ಬಿಟ್ಟು ನೆಲದ ಮ್ಯಾಲ ಇಳದ ಮ್ಯಾಲ ಇವರು ಬರೀ ಕಾಲಾಳು. ಫ್ರಾಂಕರ ಕುದುರಿ ದಂಡಿನ ಎದುರು ಬಯಲಾಗ ಸಿಕ್ರ ಗತಿ ಏನು? ನಮ್ಮ ಕಡಿ ಊರೂರಿಗೆ ಪಿಂಡಾರಿಗಳ ಕಾಲದ ಹುಡೇವು, ಅಂದ್ರ ಕಾವಲು ಬುರುಜು, ಅದಾವ, ಆ ಪಿಂಡಾರಿಗಳು ಕುದುರಿ ಮ್ಯಾಲ ಬಂದು ಹೋಗ್ತಿದ್ರು. ಇವರು ಹೆಂಗ?

ಮುಳುಗಡೆನಗರಿ_ಬಾಗಲಕೋಟೆ ಉತ್ತರ:

ನೀವು ಹೇಳಿದ ಪಿಂಡಾರಿ ಹೋಲಿಕೆ ಬಹಳ ಹತ್ತಿರದ್ದು. ವೈಕಿಂಗರು ಹಡಗಿನಲ್ಲಿ ಬರುತ್ತಿದ್ದರು, ನೆಲದ ಮೇಲೆ ಕದ್ದ ಕುದುರೆಯಲ್ಲಿ ತಿರುಗುತ್ತಿದ್ದರು. ದಾಳಿಯ ಮೊದಲ ಕೆಲಸ ಚಿನ್ನ ಹುಡುಕುವುದಲ್ಲ, ಕುದುರೆ ಹಿಡಿಯುವುದು. ಆದರೆ ಕುದುರೆ ಮೇಲೆ ಕೂತು ಕಾದಾಡುತ್ತಿರಲಿಲ್ಲ. ಅದು ದಾರಿ ಸವೆಸಲು ಮಾತ್ರ. ಹೋರಾಟ ಬಂದರೆ ಇಳಿದು ಗುರಾಣಿ ಒತ್ತಿಟ್ಟು ನಿಲ್ಲುತ್ತಿದ್ದರು. 892ರಲ್ಲಿ ಬುಲೋನ್‌ನಿಂದ 250 ಹಡಗುಗಳಲ್ಲಿ ಬಂದ ದಂಡು ಕುದುರೆಗಳನ್ನೂ ಒಂದೇ ಸಲಕ್ಕೆ ದಾಟಿಸಿತು.

ಬಯಲಿನಲ್ಲಿ ಸಿಕ್ಕರೆ ಏನು ಮಾಡುತ್ತಿದ್ದರು ಎನ್ನುವುದಕ್ಕೆ ಹಾಸ್ಟೈನ್ ಹೆಸರಿನಲ್ಲೇ ಒಂದು ಚೊಕ್ಕ ಉದಾಹರಣೆ ಇದೆ. 866, ಫ್ರಾನ್ಸ್‌ನ ಬ್ರಿಸಾರ್ಟ್ ಎಂಬ ಊರು. ಸುಮಾರು 400 ಮಂದಿ, ಜೊತೆಗೆ ಬ್ರೆಟನ್ನರು (ಇಂದಿನ ಫ್ರಾನ್ಸ್‌ನ ವಾಯವ್ಯ ಮೂಲೆಯ ಜನ), ಎಲ್ಲರೂ ಕುದುರೆ ಮೇಲೆ ಲ್ಯ ಮಾನ್ ಪಟ್ಟಣ ಸುಲಿದು ತಮ್ಮ ಹಡಗುಗಳತ್ತ ಮರಳುತ್ತಿದ್ದರು. ಫ್ರಾಂಕ್ ಸರದಾರರಾದ ರಾಬರ್ಟ್ ದ ಸ್ಟ್ರಾಂಗ್ ಮತ್ತು ಪ್ವಾಟಿಯೆಯ ರಾನುಲ್ಫ್ ದೊಡ್ಡ ಪಡೆಯೊಂದಿಗೆ ದಾರಿಗೆ ಅಡ್ಡ ಬಂದರು. ಹಾಸ್ಟೈನ್ ಬಯಲಿನಲ್ಲಿ ನಿಲ್ಲಲಿಲ್ಲ, ಪಕ್ಕದಲ್ಲಿದ್ದ ಕಲ್ಲಿನ ಇಗರ್ಜಿಯೊಳಗೆ ಹೊಕ್ಕ.  ಫ್ರಾಂಕರಿಗೆ ಆ ಕಟ್ಟಡ ಒಡೆಯುವ ಸಲಕರಣೆ ಬೇಕಾಯಿತು, ಸಂಜೆಯೂ ಆಯಿತು, ನಾಳೆ ನೋಡೋಣ ಎಂದು ಡೇರೆ ಹಾಕತೊಡಗಿದರು. ಸೆಕೆ ತಾಳದೆ ರಾಬರ್ಟ್ ಶಿರಸ್ತ್ರಾಣ, ಕವಚ ಕಳಚಿಟ್ಟ. ಆ ಗಳಿಗೆಯಲ್ಲೇ ಒಳಗಿದ್ದವರು ಬಾಗಿಲು ತೆಗೆದು ನುಗ್ಗಿದರು. ಕವಚವಿಲ್ಲದ ರಾಬರ್ಟ್ ಇಗರ್ಜಿಯ ಬಾಗಿಲಲ್ಲೇ ಸತ್ತ. ಕಿಟಕಿಯಿಂದ ಬಂದ ಬಾಣ ತಗುಲಿ ರಾನುಲ್ಫ್ ಕೆಲವೇ ದಿನದಲ್ಲಿ ತೀರಿಕೊಂಡ. ಇಬ್ಬರು ನಾಯಕರು ಹೋದ ಮೇಲೆ ಆ ದಂಡು ಚದುರಿತು, ಹಾಸ್ಟೈನ್ ಹಡಗು ಸೇರಿದ.

ಇಲ್ಲಿ ಗಮನಿಸಬೇಕಾದದ್ದು ಅವನು ಶತ್ರುವಿನ ಯಾವ ಗಳಿಗೆಯನ್ನು ಆರಿಸಿಕೊಂಡ ಎನ್ನುವುದು. ಡೇರೆ ಹೊಡೆಯುವ ಹೊತ್ತು, ಊಟದ ಹೊತ್ತು, ಹಬ್ಬದ ಹೊತ್ತು. ವೈಕಿಂಗರು ಊರುಗಳನ್ನೂ ಹೀಗೇ ಆರಿಸುತ್ತಿದ್ದರು. 843ರ ಜೂನ್ 24, ಸಂತ ಜಾನ್ ಹಬ್ಬದ ದಿನ, ನಾಂಟ್ ಪಟ್ಟಣಕ್ಕೆ ನುಗ್ಗಿದರು. 845ರಲ್ಲಿ ಪ್ಯಾರಿಸ್‌ಗೆ ಬಂದದ್ದು ಈಸ್ಟರ್‌ಗೆ, ಹೋಗಲು ತೆಗೆದುಕೊಂಡದ್ದು 7,000 ಪೌಂಡ್ ಬೆಳ್ಳಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಸೇರಿದಾಗ ಸುತ್ತಿನ ಊರಿನವರು, ವ್ಯಾಪಾರಿಗಳು, ಹುಂಡಿ ಹಣ, ಎಲ್ಲ ಒಂದೇ ಕಡೆ ಇರುತ್ತದಲ್ಲ, ಲೆಕ್ಕ ಅದೇ. ಹಣವೂ ಒಂದೆಡೆ, ಬಿಡುಗಡೆ ಹಣ ಕೊಡಬಲ್ಲ ದೊಡ್ಡವರೂ ಒಂದೆಡೆ, ಕಾವಲಿನವರೂ ಪೂಜೆಯಲ್ಲಿ.

ಈಗ ಇಂಗ್ಲೆಂಡ್. ಹಾಸ್ಟೈನ್‌ನ ಜಾಣತನವೂ ಅದರ ಮಿತಿಯೂ ಒಟ್ಟಿಗೆ ಕಾಣುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

892ರಲ್ಲಿ ಎರಡು ದಂಡು ಎರಡು ಕಡೆ ಇಳಿದವು. 250 ಹಡಗಿನ ದೊಡ್ಡ ದಂಡು ಕೆಂಟ್‌ನ ದಕ್ಷಿಣಕ್ಕೆ ಆಪಲ್‌ಡೋರ್‌ನಲ್ಲಿ, ಹಾಸ್ಟೈನ್ 80 ಹಡಗಿನೊಂದಿಗೆ ಉತ್ತರಕ್ಕೆ ಥೇಮ್ಸ್ ಬಾಯಲ್ಲಿ ಮಿಲ್ಟನ್‌ನಲ್ಲಿ. ನಡುವೆ ಕಾಡು. ದಕ್ಷಿಣ ಇಂಗ್ಲೆಂಡ್‌ನ ವೆಸೆಕ್ಸ್ ರಾಜ್ಯದ ರಾಜ ಆಲ್ಫ್ರೆಡ್ ಒಂದರ ಮೇಲೆ ಬಿದ್ದರೆ ಇನ್ನೊಂದು ಬೆನ್ನಿಗೆ ಬರುತ್ತದೆ. ಆಲ್ಫ್ರೆಡ್ ಎರಡರ ನಡುವೆ ಬೀಡುಬಿಟ್ಟು, ಯಾವ ಕಡೆಯವರು ಹೊರಬಂದರೂ ಹಿಡಿಯುವಂತೆ ಕೂತ. ಆಗ ಹಾಸ್ಟೈನ್ ಸಂಧಾನಕ್ಕೆ ಬಂದ. ಆಣೆ ಇಟ್ಟ, ಒತ್ತೆಯಾಳು ಕೊಟ್ಟ, ಇಬ್ಬರು ಮಕ್ಕಳಿಗೆ ದೀಕ್ಷೆ ಕೊಡಿಸಿದ. ಒಬ್ಬನಿಗೆ ಆಲ್ಫ್ರೆಡ್ ಧರ್ಮಪಿತ (ದೀಕ್ಷೆಯಲ್ಲಿ ತಂದೆಯ ಸ್ಥಾನದಲ್ಲಿ ನಿಲ್ಲುವವನು), ಇನ್ನೊಬ್ಬನಿಗೆ ಮಧ್ಯ ಇಂಗ್ಲೆಂಡ್‌ನ ಮರ್ಸಿಯಾದ ಅಧಿಪತಿ ಎಥೆಲ್‌ರೆಡ್. ಆಲ್ಫ್ರೆಡ್ ಹಣವನ್ನೂ ಕೊಟ್ಟ. ಹಾಸ್ಟೈನ್ ಹಣ ಎತ್ತಿಕೊಂಡು ಥೇಮ್ಸ್ ದಾಟಿ ಆಚೆ ದಂಡೆಯ ಬೆನ್‌ಫ್ಲೀಟ್‌ನಲ್ಲಿ ಹೊಸ ಕೋಟೆ ಕಟ್ಟಿದ, ಮತ್ತೆ ಲೂಟಿ ಶುರುಮಾಡಿದ. ಅದೂ ತನ್ನ ಮಗನ ಧರ್ಮಪಿತ ಎಥೆಲ್‌ರೆಡ್‌ನ ಸೀಮೆಯಲ್ಲೇ.

ಆಣೆ ಮುರಿದದ್ದು ಸುಳ್ಳುತನ ಎಂದಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಸಂಧಾನ ಅವನಿಗೆ ಹಣ ಕೊಟ್ಟಿತು, ಆಲ್ಫ್ರೆಡ್ ಬೀಡುಬಿಟ್ಟ ಜಾಗದಿಂದ ಹೊರಬರಲು ದಾರಿ ಕೊಟ್ಟಿತು, ಕೋಟೆ ಕಟ್ಟಲು ತಿಂಗಳುಗಳ ಸಮಯ ಕೊಟ್ಟಿತು. ಬೆನ್‌ಫ್ಲೀಟ್ ಜಾಗವನ್ನೂ ನೋಡಿ: ಮುಂದೆ ಉಬ್ಬರದ ಕಾಲುವೆ, ಇಳಿತದಲ್ಲಿ ಬರೀ ಕೆಸರು. ದೊಡ್ಡ ಹಡಗುಪಡೆ ಒಮ್ಮೆಲೆ ಬರಲಾಗದು. ಥೇಮ್ಸ್ ಬಾಯಿ ಕೈಗೆಟುಕುವಷ್ಟು ಹತ್ತಿರ.

ತಪ್ಪಿದ್ದು ಎಲ್ಲಿ? 893ರಲ್ಲಿ ಆಪಲ್‌ಡೋರ್ ದಂಡು ಲೂಟಿ ಹೊತ್ತು ಮರಳುವಾಗ ಆಲ್ಫ್ರೆಡ್‌ನ ಮಗ ಎಡ್ವರ್ಡ್ ಫಾರ್ನಮ್‌ನಲ್ಲಿ ಅಡ್ಡಗಟ್ಟಿ ಸೋಲಿಸಿದ. ಓಡಿದವರು ನದಿ ನಡುವಿನ ಒಂದು ನಡುಗಡ್ಡೆ ಸೇರಿದರು. ಉಳಿದ ದಂಡು ಬೆನ್‌ಫ್ಲೀಟ್‌ಗೆ ಬಂತು. ಅದೇ ಹೊತ್ತಿಗೆ ಹಾಸ್ಟೈನ್ ಲೂಟಿಗೆ ಹೊರಗೆ ಹೋಗಿದ್ದ. ಇಂಗ್ಲಿಷ್ ಪಡೆ, ಲಂಡನ್ ಜನರೂ ಸೇರಿ, ಅವನ ಹಿಂದೆ ಓಡಲಿಲ್ಲ. ನೇರ ಕೋಟೆಗೆ ನುಗ್ಗಿದರು. ಸಾಮಾನು, ಹೆಂಗಸರು, ಮಕ್ಕಳು, ಹಾಸ್ಟೈನ್‌ನ ಹೆಂಡತಿ ಮತ್ತು ಆ ಇಬ್ಬರು ಮಕ್ಕಳು ಎಲ್ಲ ಸಿಕ್ಕರು. ಹಡಗುಗಳಲ್ಲಿ ಕೆಲವನ್ನು ಒಡೆದರು, ಕೆಲವನ್ನು ಸುಟ್ಟರು, ಉಳಿದದ್ದನ್ನು ಲಂಡನ್‌ಗೂ ರೋಚೆಸ್ಟರ್‌ಗೂ ಒಯ್ದರು. ಹೆಂಡತಿ ಮಕ್ಕಳನ್ನು ಆಲ್ಫ್ರೆಡ್ ಮರಳಿ ಕೊಟ್ಟ, ಏಕೆಂದರೆ ಒಬ್ಬ ಅವನ ದೀಕ್ಷಾಪುತ್ರ, ಇನ್ನೊಬ್ಬ ಎಥೆಲ್‌ರೆಡ್‌ನವನು. ಆಣೆಯನ್ನು ಹಾಸ್ಟೈನ್ ಮುರಿದಿದ್ದ, ಆಲ್ಫ್ರೆಡ್ ತನ್ನ ಪಾಲಿನದನ್ನು ಉಳಿಸಿಕೊಂಡ. ನನಗೆ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟುವ ಜಾಗ ಇದೇ.

ಹಡಗು ಹೋದ ಮೇಲೆ ದಂಡು ಶೂಬರಿಯಲ್ಲಿ ಇನ್ನೊಂದು ಕೋಟೆ ಕಟ್ಟಿ, ಥೇಮ್ಸ್ ಉದ್ದಕ್ಕೆ ಮೇಲೆ ಹೋಗಿ, ಸೆವರ್ನ್ ನದಿ ಹಿಡಿದು ಬಟಿಂಗ್‌ಟನ್‌ಗೆ ಬಂತು. ಅಲ್ಲಿ ಮೂವರು ಅಧಿಪತಿಗಳು, ವೇಲ್ಸ್‌ನವರೂ ಸೇರಿ, ನದಿಯ ಎರಡೂ ದಂಡೆಯಿಂದ ಮುತ್ತಿದರು. ವಾರಗಟ್ಟಲೆ ಕಳೆಯಿತು, ಕುದುರೆಗಳನ್ನು ಹೆಚ್ಚಾಗಿ ಕಡಿದು ತಿಂದರು, ಕೆಲವರು ಹಸಿವಿನಿಂದ ಸತ್ತರು. ಕೊನೆಗೆ ಪೂರ್ವದ ಕಡೆ ಸೀಳಿಕೊಂಡು ಹೊರಬಂದರು, ಬಹಳ ಮಂದಿ ಸತ್ತರು.

ಕುಂದಾನಗರಿ_ಓದುಗ:

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ನನ್ನದೇ ಮಾತಿಗೆ. 859ರ ಯಾತ್ರೆಯನ್ನು ಹಾಸ್ಟೈನ್‌ಗೆ ಸೇರಿಸಿ ಬರೆದೆ. ಆ ಕಾಲದ ಫ್ರಾಂಕ್ ದಾಖಲೆ ನಾಯಕರ ಹೆಸರು ಕೊಡುವುದಿಲ್ಲ; ಹಾಸ್ಟೈನ್ ಮತ್ತು ಬ್ಯೋರ್ನ್ ಐರನ್‌ಸೈಡ್ ಎಂಬ ಹೆಸರು ಬರುವುದು ನಂತರದವರ ಬರಹದಲ್ಲಿ. ಬ್ರಿಸಾರ್ಟ್‌ಗೆ ಅವನ ಹೆಸರು ಹೇಳುವವನು ಪ್ರ್ಯೂಮ್‌ನ ಮಠಾಧಿಪತಿ ರೆಗಿನೊ, ಅವನು ಬರೆದದ್ದು ಘಟನೆಯಾಗಿ ಸುಮಾರು ನಲವತ್ತು ವರ್ಷದ ನಂತರ. 892–893ರದ್ದಂತೂ ಇಂಗ್ಲಿಷ್ ಚರಿತ್ರೆಯಲ್ಲಿ ಆಗಿಂದಾಗಲೇ ದಾಖಲಾದದ್ದು. ಹಾಗಾಗಿ ಹಾಸ್ಟೈನ್‌ನ ತಂತ್ರ ಎಂದು ಯಾರಾದರೂ ಬರೆಯುವುದಾದರೆ ಬ್ರಿಸಾರ್ಟ್ ಮತ್ತು ಬೆನ್‌ಫ್ಲೀಟ್ ಮೇಲೆ ಭಾರ ಹಾಕಿ, ಲೂನಾ ಮೇಲಲ್ಲ.

ಸೇರ್ಪಡೆ: ನದಿಯನ್ನೇ ತಿರುಗಿಸುವ ಉಪಾಯ. 873ರಲ್ಲಿ ಲ್ವಾರ್ ಕಡೆಯ ವೈಕಿಂಗರು ಆಂಜೆ ಪಟ್ಟಣ ಹಿಡಿದು ಕೂತಿದ್ದರು. ಗೋಡೆ ಗಟ್ಟಿ, ಚಾರ್ಲ್ಸ್‌ನ ಮುತ್ತಿಗೆ ಎಳೆಯುತ್ತಾ ಹೋಯಿತು. ಬ್ರೆಟನ್ ರಾಜ ಸಾಲೊಮನ್‌ನ ಜನ ಊರಿನ ಪಕ್ಕದ ನದಿಗೆ ಹೊಸ ಕಾಲುವೆ ತೋಡಲು ಶುರುಮಾಡಿದರು. ನೀರು ಆ ಕಡೆ ಹರಿದರೆ ಗೋಡೆ ಕೆಳಗಿನ ಹಡಗುಗಳು ಒಣ ಕೆಸರಲ್ಲಿ ಕೂರುತ್ತವೆ. ಗೋಡೆಗೆ ಹೆದರದವರು ಇದಕ್ಕೆ ಹೆದರಿ, ಹಣ ಕೊಟ್ಟು ಊರು ಬಿಡುತ್ತೇವೆ ಎಂದು ಒಪ್ಪಿದರು. ಚಾರ್ಲ್ಸ್ ಒಪ್ಪಿ ಬಿಟ್ಟುಬಿಟ್ಟ, ಅವರು ಹೋಗಿ ಲ್ವಾರ್‌ನ ಒಂದು ನಡುಗಡ್ಡೆಯಲ್ಲಿ ಕೂತು ಹಳೆಯ ಕೆಲಸ ಮುಂದುವರಿಸಿದರು. ಉಪಾಯ ಗೆದ್ದಿತ್ತು, ಹಡಗು ಕೈಗೆ ಬರುವ ಮೊದಲೇ ಸಂಧಾನಕ್ಕೆ ಕೂತದ್ದು ಸೋಲಿಸಿತು.

ಗುಮ್ಮಟನಗರಿ_ವಿಜಯಪುರ:

ಇದು ಭಾಳ ಉಪಯೋಗ ಆತು. ಕೊನೀಗೆ ಎರಡು ಸಣ್ಣ ಪ್ರಶ್ನೆ. 80 ಹಡಗು ಅಂದ್ರ ಎಷ್ಟು ಮಂದಿ? ಮತ್ತ ಆಲ್ಫ್ರೆಡ್ ಕೋಟಿಗಳನ್ನ ಕಟ್ಟಿಸಿದ ಅಂತಾರ, ಅಷ್ಟು ಕೋಟಿಗೆ ಕಾವಲು ಮಂದಿ ಎಲ್ಲಿಂದ ತಂದ? ನಮ್ಮ ವಿಜಯಪುರದ ಕೋಟಿ ಗೋಡಿ ಸುತ್ತಳತಿ ಸುಮಾರು 10 ಕಿ.ಮೀ. ಅಷ್ಟು ಗೋಡಿಗೆ ಅವನ ಲೆಕ್ಕದಾಗ ಎಷ್ಟು ಮಂದಿ ಬೇಕಾಗತಿದ್ರು?

ಮುಳುಗಡೆನಗರಿ_ಬಾಗಲಕೋಟೆ ಉತ್ತರ:

ಹಡಗಿಗೆ 30ರಿಂದ 40 ಮಂದಿ ಎಂದು ಹಿಡಿದರೆ 80 ಹಡಗಿಗೆ 2,400ರಿಂದ 3,200. ಆದರೆ ಅದರಲ್ಲಿ ಹೆಂಗಸರು, ಮಕ್ಕಳು ಇದ್ದದ್ದು ಬೆನ್‌ಫ್ಲೀಟ್‌ನಲ್ಲೇ ಕಂಡಿತು. ಸಾಮಾನು, ಕುದುರೆ ಸಹ ಜಾಗ ತಿನ್ನುತ್ತವೆ. ಕತ್ತಿ ಹಿಡಿಯುವವರು ಅದಕ್ಕಿಂತ ಕಡಿಮೆಯೇ.

ಕಾವಲಿನ ಲೆಕ್ಕ ಇನ್ನೂ ರುಚಿಯಾದದ್ದು. ವೆಸೆಕ್ಸ್ ರಾಜ್ಯದ ಕೋಟೆಗಳ ಒಂದು ಪಟ್ಟಿ ಉಳಿದಿದೆ, ಸುಮಾರು 30 ಕೋಟೆ, ಪ್ರತಿಯೊಂದಕ್ಕೂ ಸುತ್ತಿನ ಎಷ್ಟು ಭೂಮಿ ಹಂಚಿಕೆ ಎಂದು. ಭೂಮಿಯ ಅಳತೆಗೆ ಹೈಡ್ ಎನ್ನುತ್ತಿದ್ದರು, ಒಂದು ಹೈಡ್ ಒಬ್ಬ ಆಳು ಕೊಡಬೇಕು. ಗೋಡೆಯ ಪ್ರತಿ ಐದೂವರೆ ಗಜಕ್ಕೆ, ಅಂದರೆ ಸುಮಾರು 5 ಮೀಟರಿಗೆ, ನಾಲ್ಕು ಆಳು. ವಿಂಚೆಸ್ಟರ್‌ಗೆ 2,400 ಹೈಡ್. ಲೆಕ್ಕ ಹಾಕಿದರೆ 3,300 ಗಜ ಗೋಡೆ. ಅಲ್ಲಿನ ರೋಮನ್ ಕಾಲದ ಗೋಡೆಯನ್ನು ಅಳೆದರೆ ಅಷ್ಟೇ ಬರುತ್ತದೆ. ಕಾಗದದ ಲೆಕ್ಕ ಅಲ್ಲ, ಅಳೆದು ಮಾಡಿದ್ದು.

ಇದೇ ದರದಲ್ಲಿ ವಿಜಯಪುರದ 10 ಕಿ.ಮೀ. ಗೋಡೆಗೆ ಸುಮಾರು 8,000 ಆಳು ಬೇಕು. ವೆಸೆಕ್ಸ್‌ನ ಎಲ್ಲ ಕೋಟೆಗಳ ಒಟ್ಟು ಮೊತ್ತವೇ ಸುಮಾರು 27,000. ಅಂದರೆ ಆಲ್ಫ್ರೆಡ್‌ಗೆ ದೊಡ್ಡ ಕೋಟೆ ಬೇಡವಾಗಿತ್ತು, ಹತ್ತಿರ ಹತ್ತಿರ ಇರುವ ಸಣ್ಣ ಕೋಟೆಗಳು ಬೇಕಾಗಿದ್ದವು. ಊರಿನವರು ದನಕರು ಸಮೇತ ಒಳಗೆ ಸೇರುವಷ್ಟು ಹತ್ತಿರ. ನಮ್ಮ ಹುಡೇವಿನ ವಿಚಾರವೂ ಅದೇ ಅಲ್ಲವೇ, ಶತ್ರುವನ್ನು ಸೋಲಿಸಲು ಕಟ್ಟಿದ್ದಲ್ಲ, ಅವನಿಗೆ ಸುಲಭದ ತುತ್ತು ಸಿಗದಂತೆ ಕಟ್ಟಿದ್ದು. ಅರ್ಧ ಕಟ್ಟಿದ್ದು ಉಪಯೋಗಕ್ಕಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ: 892ರಲ್ಲಿ ದೊಡ್ಡ ದಂಡು ಮೊದಲು ಹಿಡಿದದ್ದೇ ಜೌಗಿನ ನಡುವಿನ, ಕೆಲವೇ ರೈತರಿದ್ದ, ಅರೆಬರೆ ಕಟ್ಟಿದ ಒಂದು ಕೋಟೆಯನ್ನು.

ಆಲ್ಫ್ರೆಡ್ ಇನ್ನೊಂದು ಮಾಡಿದ. ಕೋಟೆ ಕಾಯುವವರನ್ನು ಬಿಟ್ಟು ಉಳಿದ ಪಡೆಯನ್ನು ಎರಡು ಪಾಳಿ ಮಾಡಿದ, ಅರ್ಧ ಮನೆಯಲ್ಲಿ, ಅರ್ಧ ಕಣದಲ್ಲಿ. ಹೊಲ ಪಾಳು ಬೀಳುವುದಿಲ್ಲ. ಇದರ ಕೊರತೆ ಫಾರ್ನಮ್ ನಂತರ ಕಂಡಿತು. ನಡುಗಡ್ಡೆಯನ್ನು ಮುತ್ತಿದ್ದ ಪಾಳಿಯವರ ಅವಧಿ ಮುಗಿಯಿತು, ಬುತ್ತಿಯೂ ಮುಗಿಯಿತು, ಅವರು ಮನೆಗೆ ಹೊರಟರು. ಬದಲಿ ಪಾಳಿ ರಾಜನ ಜೊತೆ ದಾರಿಯಲ್ಲಿತ್ತು. ಅಷ್ಟರೊಳಗೆ ಪಶ್ಚಿಮದಲ್ಲಿ ಡೆವನ್ ಮೇಲೆ ಬೇರೆ ಹಡಗುಗಳು ಬಿದ್ದ ಸುದ್ದಿ ಬಂದು ಆಲ್ಫ್ರೆಡ್ ಅತ್ತ ತಿರುಗಬೇಕಾಯಿತು. ಪಾಳಿ ಬದಲಾಗುವ ಆ ಸಂದಿನಲ್ಲಿಯೇ ಮುತ್ತಿಗೆ ಸಡಿಲವಾಯಿತು.

ಹೊಳಿಸಾಲು_ಜಮಖಂಡಿ:

ಮೇವಿನ ಮಾತು ಬಿಟ್ಟು ಹೋಗಿತ್ತು, ಅದನ್ನ ಸೇರಸ್ತೀನಿ. ಬಟಿಂಗ್‌ಟನ್‌ದಿಂದ ಉಳದವರು ಹೆಂಗಸರು, ಹಡಗು, ಸಾಮಾನು ಪೂರ್ವ ಆಂಗ್ಲಿಯಾದಾಗ ಬಿಟ್ಟು, ಹಗಲು ರಾತ್ರಿ ಒಂದ ಸಮ ನಡದು, ಪಾಳು ಬಿದ್ದಿದ್ದ ಚೆಸ್ಟರ್ ಊರಿನ ರೋಮನ್ ಗೋಡಿ ಒಳಗ ಸೇರಿದ್ರು. ಇಂಗ್ಲಿಷ್ ದಂಡು ಅವರನ್ನ ಹಿಡಿಯಾಕ ಆಗಲಿಲ್ಲ. ಆದ್ರ ಗೋಡಿ ಏರಾಕ ಹೋಗಲಿಲ್ಲ ನೋಡ್ರಿ. ಎರಡು ದಿನ ಕುಂತು ಸುತ್ತಲಿನ ದನ ಹೊಡಕೊಂಡು ಹೋದ್ರು, ಕಾಳು ಸುಟ್ರು, ಉಳದ ಬೆಳಿ ತಮ್ಮ ಕುದುರಿಗೆ ಮೇಯಿಸಿದ್ರು. ಒಳಗಿನವರಿಗೆ ತಿನ್ನಾಕ ಏನೂ ಇಲ್ಲದಂಗ ಆಗಿ ವೇಲ್ಸ್ ಕಡಿ ಹೋಗಬೇಕಾತು.

ಕೊನೀದು ಲೀ ನದಿ. ದಂಡು ಲಂಡನ್‌ದಿಂದ 20 ಮೈಲು ಮ್ಯಾಲ ಲೀ ದಂಡಿ ಮ್ಯಾಲ ಕೋಟಿ ಕಟ್ಟಿತ್ತು. 895ರ ಬ್ಯಾಸಿಗ್ಯಾಗ ಲಂಡನ್ ಮಂದಿ ನೇರ ಮ್ಯಾಲ ಬಿದ್ದು ಸೋತು ಹಿಂದಕ್ಕ ಬಂದ್ರು, ರಾಜನ ನಾಲ್ಕು ಮಂದಿ ಸರದಾರರು ಸತ್ರು. ಸುಗ್ಗಿ ಬಂದಾಗ ಆಲ್ಫ್ರೆಡ್ ಹತ್ತಿರ ಬೀಡು ಬಿಟ್ಟು, ರೈತರು ಪೈರು ಕೊಯ್ದು ರಾಶಿ ಮಾಡೂ ತನಕ ಕಾವಲು ಕುಂತ. ರಾಶಿ ನಮ್ಮದಾದ್ರ ಅವರಿಗೆ ಉಪವಾಸ. ಆಮ್ಯಾಲ ಹೊಳಿ ದಂಡಿಗುಂಟ ಕುದುರಿ ಮ್ಯಾಲ ತಿರಗ್ಯಾಡಿ, ತಡಿಯಾಕ ತಕ್ಕ ಜಾಗಾ ಹುಡುಕಿ, ಎರಡೂ ದಂಡಿ ಮ್ಯಾಲ ಒಂದೊಂದು ಕೋಟಿ ಎಬ್ಬಿಸಾಕ ಹಚ್ಚಿದ. ಕೋಟಿ ಮುಗಿಯೂದ್ರಾಗ ಒಳಗಿನವರಿಗೆ ಗೊತ್ತಾತು, ಹಡಗು ಹೊರಗ ಬರೂದಿಲ್ಲ ಅಂತ. ಹಡಗು ಅಲ್ಲೇ ಬಿಟ್ಟು ನಡಕೋತ ಬ್ರಿಜ್‌ನಾರ್ತ್‌ಗೆ ಹೋದ್ರು. ಲಂಡನ್ ಮಂದಿ ಬಂದು ಚಲೋ ಹಡಗು ಒಯ್ದ್ರು, ಒಯ್ಯಾಕ ಬಾರದ್ದು ಒಡದು ಹಾಕಿದ್ರು. 896ರ ಬ್ಯಾಸಿಗ್ಯಾಗ ಆ ದಂಡು ಒಡೀತು. ಕೆಲವರು ಪೂರ್ವ ಆಂಗ್ಲಿಯಾ, ನಾರ್ತಂಬ್ರಿಯಾದಾಗ ಉಳದ್ರು. ಕೈಯಾಗ ರೊಕ್ಕಾ ಇಲ್ಲದವರು ಹೆಂಗೋ ಹಡಗು ಸಂಪಾದಿಸಿ ಸೇನ್ ನದಿ ಕಡಿ ಹೋದ್ರು.